ಕಾಣೆಯಾದ ಎಂಟು ಗಂಟೆಯ ಪಾಳಿ

ಬಾಗಿಲಿನ ಮೇಲೆ ಮೂರು ಬಡಿತ. ಒಂದು ಉಸಿರಿನಷ್ಟು ಬಿಡುವು. ಮತ್ತೆ ಮೂರು.

ಗೋಕಾಕದ ಆ ಓಣಿಯಲ್ಲಿ ರಾತ್ರಿ ಎರಡರ ಹೊತ್ತಿಗೆ ನಾಯಿಗಳು ಕೂಡ ಬೊಗಳಿ ಬೇಸತ್ತು ಮಲಗಿರುತ್ತವೆ. ಅನುರಾಧಾ ಕಾಂಬಳೆ ದೀಪ ಹಾಕದೆ, ಕೈಯ ಅಂದಾಜಿನಲ್ಲೇ ಚಿಲಕ ತೆಗೆಯುತ್ತಾರೆ. ಹೊಸ್ತಿಲಾಚೆ ಕಾಲುವೆ ಕಾಯುವ ಮಾಳಪ್ಪ ನಿಂತಿದ್ದಾರೆ. ಧೋತರ ಮೊಣಕಾಲಿನವರೆಗೆ ಒದ್ದೆ. ಎಡ ಹುಬ್ಬಿನ ಮೇಲೆ ಆಗಷ್ಟೇ ಹೆಪ್ಪುಗಟ್ಟಿದ ರಕ್ತ. ಕೈಯಲ್ಲಿ ನಾಲ್ಕು ಮಡಿಕೆಯ ಒಂದು ಕಾಗದ.

“ಅಕ್ಕಾರ, ಗುಬ್ಬಿ ಮತ್ತ ಸುಳ್ಳ ಹೇಳೇತ್ರಿ.”

“ಯಾರಿಗಿ ಪೆಟ್ಟ ಬಿದ್ದೈತಿ?”

“ನನಗ ಒಂದ, ಸಣ್ಣದು. ಅದ ಇರ್ಲಿ ಬಿಡ್ರಿ. ಸೋಮವಾರ ನನ್ನ ಕೆಲಸದಿಂದ ತಗೀತಾರಂತ.”

ಅನುರಾಧಾ ಕಾಗದ ತೆಗೆದುಕೊಳ್ಳುತ್ತಾರೆ, ಒಂದು ತಂಬಿಗೆ ನೀರು ಕೊಡುತ್ತಾರೆ, ಬಾಗಿಲು ಹಾಕುತ್ತಾರೆ. ಮಾಳಪ್ಪನ ಮೋಟಾರ್ ಸೈಕಲ್ಲಿನ ಸದ್ದು ಓಣಿಯ ತಿರುವಿನಲ್ಲಿ ಕರಗುತ್ತದೆ. ಇನ್ನು ನಿದ್ದೆ ಬಾರದೆಂದು ಅವರಿಗೆ ಗೊತ್ತು. ಆದರೂ ಮಲಗುತ್ತಾರೆ, ಬೆನ್ನಿಗಾದರೂ ನೆಲ ತಾಗಲಿ ಎಂದು.

ಶನಿವಾರ ಬೆಳಗಿನ ಐದೂಕಾಲಿಗೆ ಅವರು ಮೂಡಲಗಿಯ ಮೊದಲ ಬಸ್ಸಿನಲ್ಲಿ ನಿಂತಿದ್ದಾರೆ. ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜಿನ ಕೆಲಸದವರು ಇಳಿದ ಮೇಲಷ್ಟೇ ಕೂರಲು ಜಾಗ. ಹೆಗಲ ಚೀಲದಲ್ಲಿ ಎರಡು ರೊಟ್ಟಿ, ಶೇಂಗಾ ಚಟ್ನಿ, ಸೊಂಟನೋವಿನ ಮುಲಾಮು, ರಟ್ಟಿನ ಹೊದಿಕೆಯ ಒಂದು ನೋಟ್‌ಬುಕ್ಕು. ಹೊರಡುವಾಗ ತಾಯಿ ಉದ್ದವ್ವ ಎಂದಿನ ಮಾತನ್ನೇ ಹೇಳಿ ಕಳಿಸಿದ್ದಾರೆ: “ಆ ಗುಬ್ಬಿಗೆ ಕಾಳ ಹಾಕಿ ಹಾಕಿ ನಿನ್ನ ತಲಿ ಬೆಳ್ಳಗಾತು. ಅದರ ಒಂದ ಪುಕ್ಕ ಸೈತ ಉದರವಲ್ದು.”

ಗುಬ್ಬಿ ಎಂದರೆ ಹಕ್ಕಿಯಲ್ಲ. ಅಂತರ್ಜಾಲದ ಪುಟಗಳನ್ನು ತೆರೆದು ತೋರಿಸುವ ಒಂದು ಹಳೆಯ ಬ್ರೌಸರ್. ತೊಂಬತ್ತರ ದಶಕದ ಕೊನೆಯಲ್ಲಿ, ಎಲ್ಲರೂ ಬಳಸುತ್ತಿದ್ದ ಬ್ರೌಸರಿಗೆ ಎದುರಾಗಿ ಯಾರೋ ಕೆಲವರು ಹಟ ಹಿಡಿದು ಕಟ್ಟಿ, ಪುಕ್ಕಟೆಯಾಗಿ ಹಂಚಿದ್ದು. ಅದರ ಗುರುತಿನ ಚಿತ್ರದಲ್ಲಿ ಒಂದು ಪುಟ್ಟ ಹಕ್ಕಿಯಿತ್ತು. ಈ ಭಾಗದ ರೈತರ ಬಾಯಲ್ಲಿ ಅದು ಗುಬ್ಬಿಯಾಯಿತು. ಕಟ್ಟಿದವರು ಅಂಗಡಿ ಮುಚ್ಚಿ ಎರಡು ದಶಕಗಳಾಗಿವೆ. ಲೋಕ ಅದನ್ನು ಮರೆತಿದೆ. ಮರೆಯದೆ ಉಳಿದಿರುವುದು ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಮೂರು ನೀರು ಬಳಕೆದಾರರ ಸಂಘಗಳು, ಮತ್ತು ನಲವತ್ತಾರು ವರ್ಷದ ಈ ಹೆಂಗಸು.

ಕಾರಣ ಸರಳವಾಗಿದೆ. ಹಿಡಕಲ್ ಅಣೆಕಟ್ಟಿನಲ್ಲಿ ಗೇಟು ಎತ್ತಿದ ಮೇಲೆ ಕಾಲುವೆಯ ನೀರು ಯಾವ ಹೊಲಕ್ಕೆ, ಯಾವ ದಿನ, ಎಷ್ಟು ಗಂಟೆಗೆ ಎಂಬ ಪಾಳಿಯನ್ನು ಲೆಕ್ಕ ಹಾಕುವುದು ಗುಬ್ಬಿಯೊಳಗೆ ತೆರೆಯುವ ಒಂದು ಪುಟ. ಎರಡು ಸಾವಿರದ ಒಂದರಲ್ಲಿ ಯಾವುದೋ ಯೋಜನೆಯ ಹೆಸರಿನಲ್ಲಿ ಬಂದ ಎಂಜಿನಿಯರೊಬ್ಬರು ಅದನ್ನು ಬರೆದರು. ಇನ್ನೆರಡು ವರ್ಷಗಳಲ್ಲಿ ಇಡೀ ದೇಶ ಇದೇ ಬ್ರೌಸರನ್ನು ಬಳಸುತ್ತದೆ ಎಂದು ಭರವಸೆ ಕೊಟ್ಟರು. ಮೂರು ದಿನ ಕಲಿಸಿ, ಒಂದು ಫೋನ್ ನಂಬರು ಬರೆದುಕೊಟ್ಟು ಹೊರಟುಹೋದರು. ಆ ನಂಬರು ಆರು ತಿಂಗಳಲ್ಲಿ ಮೂಕವಾಯಿತು. ಪುಟದ ಒಳಗಿರುವ ಲಿಪಿ, ಅಂದರೆ ಸಾಲು ಸಾಲಾಗಿ ಬರೆದ ಆಜ್ಞೆಗಳು, ಗುಬ್ಬಿಗೆ ಮಾತ್ರ ಅರ್ಥವಾಗುತ್ತವೆ. ಹೊಸ ಬ್ರೌಸರಿನಲ್ಲಿ ತೆರೆದರೆ ಬರುವುದು ಬಿಳಿಯ ಪರದೆ. ಹೊಸ ಪುಟ ಬರೆಸಿಕೊಡಿ ಎಂಬ ಅರ್ಜಿ ಮೂರು ಬಾರಿ ಮೇಲೆ ಹೋಗಿದೆ. ಇನ್ನೂ ಕೆಳಗೆ ಬಂದಿಲ್ಲ.

ಆ ಮೂರು ದಿನ ಕಲಿಯಲು ಕುಳಿತ ಹನ್ನೊಂದು ಜನರಲ್ಲಿ ಅನುರಾಧಾ ಒಬ್ಬರೇ ಹೆಣ್ಣುಮಗಳು. ಆಗ ಅವರಿಗೆ ಇಪ್ಪತ್ತೆರಡು. ಹುಕ್ಕೇರಿ ಕಡೆಯ ಹಳ್ಳಿಯಿಂದ ಕೂಲಿಗಾಗಿ ಗೋಕಾಕಕ್ಕೆ ಬಂದ ಉದ್ದವ್ವ, ಕಬ್ಬಿನ ಗದ್ದೆಯಲ್ಲಿ ಕಳೆ ಕಿತ್ತು ಮಗಳನ್ನು ಟೈಪಿಂಗ್ ಕ್ಲಾಸಿಗೆ ಸೇರಿಸಿದ್ದರು. ಉಳಿದ ಹತ್ತು ಜನ ಬೇರೆ ಬೇರೆ ಕೆಲಸ ಹಿಡಿದು ಚದುರಿದರು. “ನಾ ಯಾಕ ಉಳಿದೆ ಅಂತ ನನಗೂ ತಿಳೀವಲ್ದು,” ಎನ್ನುತ್ತಾರೆ ಅನುರಾಧಾ. “ಒಂದ ದಿನ ಕೆಟ್ಟಿತು, ರಿಪೇರಿ ಮಾಡಿದೆ. ಮರುದಿನ ಮತ್ತ ಕೆಟ್ಟಿತು. ಹಂಗ ಇಪ್ಪತ್ತನಾಕ ವರ್ಷ ಆದೂವು.”

ಕೆಡುವುದರಲ್ಲಿ ಗುಬ್ಬಿಗೆ ತನ್ನದೇ ಆದ ವರಸೆಗಳಿವೆ. ಅದು ಹತ್ತೊಂಬತ್ತು ನೂರರಿಂದ ಕಳೆದ ವರ್ಷಗಳನ್ನು ಮಾತ್ರ ಎಣಿಸುತ್ತದೆ. ಮುಂದೆ ಹತ್ತೊಂಬತ್ತು ಎಂದು ಪುಟವೇ ಸೇರಿಸಿಕೊಳ್ಳಬೇಕು. ಹೀಗಾಗಿ ಎರಡು ಸಾವಿರದ ಐದರಲ್ಲಿ ಹುಕ್ಕೇರಿ ಕಡೆಯ ಸಂಘ ಮೊದಲ ಸಲ ಇಸವಿ ಸಮೇತ ಚೀಟಿ ತೆಗೆದಾಗ, ನೂರಾ ಐದರ ಮುಂದೆ ಹತ್ತೊಂಬತ್ತು ಸೇರಿ 19105 ಎಂದು ಮೂಡಿತು. ಒಬ್ಬ ಹಿರಿಯ ರೈತರು ಚೀಟಿ ಹಿಡಿದು ಬಂದು ಗಂಭೀರವಾಗಿ ಕೇಳಿದರಂತೆ: “ಬಾಯಾರ, ನನ್ನ ಪಾಳಿ ಹತ್ತೊಂಬತ್ತ ಸಾವಿರದ ನೂರಾ ಐದನೇ ಇಸವಿಗೆ ಬಂದೈತಿ. ಅಲ್ಲೀತನಾ ಕಬ್ಬ ತಡೀತೈತೇನ್ರಿ?” ಕಿಟಕಿಯ ಅಂಚನ್ನು ಮೌಸಿನಿಂದ ಎಳೆದರೆ ಸಾಕು, ಗುಬ್ಬಿ ಲೆಕ್ಕವನ್ನೆಲ್ಲ ಮರೆತು ಖಾಲಿ ಪುಟ ತೋರಿಸುತ್ತದೆ, ಅದಕ್ಕಾಗಿ ಮೂರೂ ಕಚೇರಿಗಳಲ್ಲಿ ‘ಅಂಚು ಎಳೆಯಬಾರದು’ ಎಂಬ ಚೀಟಿ ಅಂಟಿದೆ. ಎಲ್ಲಕ್ಕಿಂತ ಕೆಟ್ಟ ಗುಣವೆಂದರೆ, ತಪ್ಪಾದಾಗ ಅದು ಕೂಗುವುದಿಲ್ಲ. ಮೌನವಾಗಿ ತಪ್ಪು ಉತ್ತರ ಕೊಟ್ಟು ಕುಳಿತಿರುತ್ತದೆ.

ಇಂಥ ತಪ್ಪುಗಳು ನೋಟ್‌ಬುಕ್ಕಿನಲ್ಲಿ ದಾಖಲಾಗಿವೆ. ಈಗ ಐದನೆಯ ನೋಟ್‌ಬುಕ್ಕು. ಒಟ್ಟು ಇನ್ನೂರ ಎಂಬತ್ತೇಳು ತಪ್ಪುಗಳು. ಮೂರು ಸಂಘಗಳ ಸಾವಿರದ ಮುನ್ನೂರಕ್ಕೂ ಹೆಚ್ಚು ರೈತರ ಪಾಳಿ. ವಾರಕ್ಕೆ ಆರು ದಿನ, ಮುನ್ನೂರು ಕಿಲೋಮೀಟರಿನಷ್ಟು ಬಸ್ ಪ್ರಯಾಣ. ಹೊಸ ಕಂಪ್ಯೂಟರುಗಳಲ್ಲಿ ಗುಬ್ಬಿ ಕಣ್ಣು ಬಿಡುವುದಿಲ್ಲವಾದ್ದರಿಂದ, ಹಾಳಾದ ನಾಲ್ಕು ಯಂತ್ರಗಳ ಅಂಗಾಂಗ ಕಿತ್ತು ಜೀವಂತವಾಗಿಟ್ಟ ಮೂರು ಹಳೆಯ ಯಂತ್ರಗಳು. ಹುಕ್ಕೇರಿ ಕಡೆಯ ಸಂಘದಲ್ಲಿ ಮೊದಲ ಎರಡು ವರ್ಷ ಅವರಿಗೆ ಚಹಾ ಬೇರೆ ಲೋಟದಲ್ಲಿ ಬರುತ್ತಿತ್ತು. ಒಂದು ಬೇಸಿಗೆ ಪಾಳಿಯೆಲ್ಲ ತಲೆಕೆಳಗಾಗಿ, ಅವರು ಎರಡು ದಿನ ಕುಳಿತು ಸರಿಪಡಿಸಿದ ಮೇಲೆ ಆ ಲೋಟ ಕಾಣಲಿಲ್ಲ. ಆ ಬಗ್ಗೆ ಕೇಳಿದರೆ ಅವರು ಬಸ್ಸಿನ ವೇಳೆ ನೋಡುತ್ತಾರೆ.

ಬೆಳಗಿನ ಆರೂವರೆ. ಮೂಡಲಗಿ ತಾಲ್ಲೂಕಿನ ಸಂಘದ ಕಚೇರಿ. ಕಾಲುವೆಯ ಏರಿಗೆ ಒರಗಿದ ಒಂದೇ ಕೋಣೆ. ಗುಮಾಸ್ತೆ ದೀಪಾ ಆಗಲೇ ಬಂದು ಶಟರ್ ಎತ್ತಿದ್ದಾರೆ. ಯಂತ್ರ ಏಳಲು ನಾಲ್ಕು ನಿಮಿಷ ಬೇಕು. ಅಷ್ಟರಲ್ಲಿ ಅನುರಾಧಾ ಮಾಳಪ್ಪ ಕೊಟ್ಟ ಕಾಗದವನ್ನು, ಈ ಸರದಿಯ ಪಾಳಿಯ ಹಾಳೆಯನ್ನು, ಮೇಜಿನ ಮೇಲೆ ಬಿಡಿಸುತ್ತಾರೆ.

ಕಾಲುವೆಯ ತೂಬು ತೆಗೆದು ಮುಚ್ಚುವುದು ಮಾಳಪ್ಪನ ಕೆಲಸ. ಹತ್ತೊಂಬತ್ತು ವರ್ಷಗಳಿಂದ ಗುಬ್ಬಿ ಮುದ್ರಿಸಿದ ಹಾಳೆ ನೋಡಿ, ಅದರಲ್ಲಿದ್ದಂತೆ ಮಾಡುತ್ತ ಬಂದಿದ್ದಾರೆ. ಶುಕ್ರವಾರ ರಾತ್ರಿ ಹನ್ನೆರಡಕ್ಕೆ ಒಂದೇ ತೂಬಿನ ಎದುರು ಇಬ್ಬರು ಸಲಿಕೆ ಹಿಡಿದು ನಿಂತರು. ಒಬ್ಬರು ಉದ್ದಪ್ಪ, ಆರು ಎಕರೆ ಕಬ್ಬಿನವರು. ಇನ್ನೊಬ್ಬರು ಫಕೀರವ್ವ, ಮೂವತ್ತು ಗುಂಟೆಯಲ್ಲಿ ಅರಿಶಿಣ ಹಾಕಿದ ವಿಧವೆ. ಇಬ್ಬರ ಚೀಟಿಯಲ್ಲೂ ಸೊನ್ನೆ ಗಂಟೆ, ಅಂದರೆ ನಡುರಾತ್ರಿ. ಫಕೀರವ್ವನ ಪಾಳಿ ಯಾವಾಗಲೂ ಮುಂಜಾನೆ ಎಂಟಕ್ಕೆ. ಜಗಳ ಬಿಡಿಸಲು ಹೋದ ಮಾಳಪ್ಪನ ಹುಬ್ಬಿಗೆ ಸಲಿಕೆಯ ಹಿಡಿ ತಾಗಿತು. ನೀರು ಉದ್ದಪ್ಪನ ಹೊಲಕ್ಕೆ ಹೋಯಿತು. ಮುಂಜಾನೆ ಎಂಟಕ್ಕೆ ಹಾಳೆಯಲ್ಲಿ ಯಾರ ಹೆಸರೂ ಇಲ್ಲದೆ ಒಂದು ಗಂಟೆಯ ನೀರು ಹಳ್ಳ ಸೇರುವುದು ಖಚಿತವಾಗಿತ್ತು.

ಇದು ಮೊದಲ ಸಲವಲ್ಲ. ಹದಿನೈದು ದಿನಕ್ಕೊಂದರಂತೆ ಬರುವ ಸರದಿಯಲ್ಲಿ ಇದು ಸತತ ಮೂರನೆಯ ಎಡವಟ್ಟು. ಊರಿನ ತೀರ್ಮಾನ ಆಗಿಹೋಗಿದೆ: ಮಾಳಪ್ಪ ಪಾಳಿ ಮಾರಿಕೊಂಡಿದ್ದಾರೆ. ಸೋಮವಾರದ ಸಭೆಯಲ್ಲಿ ಅವರನ್ನು ತೆಗೆಯುವ ಠರಾವು. ಬರೆಯುವುದೂ ಮುಗಿದಿದೆ, ಸಹಿ ಮಾತ್ರ ಬಾಕಿ.

“ಮಾಳಪ್ಪಕಾಕಾ ಮಾಡ್ಯಾನ ಅಂತ ನಿಮಗ ಅನಸ್ತೈತೇನ್ರಿ ಅಕ್ಕಾ?” ದೀಪಾ ಚಹಾ ಬಸಿಯುತ್ತ ಕೇಳುತ್ತಾರೆ.

“ಅನಸೂದರಿಂದ ಏನೂ ಆಗೂದಿಲ್ಲವಾ. ಹಾಳಿ ತಾ ಇಲ್ಲಿ. ಮೂರೂ ಸರದೀವು.”

ಹಾಳೆಗಳು ನೆಲದ ಮೇಲೆ ಹಾಸಿಕೊಳ್ಳುತ್ತವೆ. ಮುನ್ನೂರ ಹನ್ನೆರಡು ಪಾಳಿಗಳು. ಅನುರಾಧಾ ಮೊಣಕಾಲೂರಿ, ಕೆಂಪು ಪೆನ್ಸಿಲ್ ಹಿಡಿದು, ಹಳೆಯ ದಾಖಲೆಯ ಜೊತೆ ಒಂದೊಂದನ್ನೇ ತಾಳೆ ನೋಡುತ್ತಾರೆ. ಒಂದು ಗಂಟೆಯ ಪಾಳಿ ಸರಿ. ಎರಡರದು ಸರಿ. ಏಳರವರೆಗೆ ಎಲ್ಲವೂ ಸರಿ. ಹತ್ತರಿಂದ ಮುಂದೆ ಎಲ್ಲವೂ ಸರಿ. ಮಧ್ಯಾಹ್ನದ ಹೊತ್ತಿಗೆ ಕೆಂಪು ಗುರುತು ಬಿದ್ದ ಇಪ್ಪತ್ತಾರು ಪಾಳಿಗಳು ಉಳಿಯುತ್ತವೆ. ಇಪ್ಪತ್ತಾರೂ ಮುಂಜಾನೆ ಎಂಟು ಅಥವಾ ಒಂಬತ್ತು ಗಂಟೆಯವು. ಇಪ್ಪತ್ತಾರೂ ಸೊನ್ನೆಯಾಗಿವೆ.

“ಮಾಳಪ್ಪ ಪಾಳಿ ಮಾರಿದ್ರ ಎಂಟು, ಒಂಬತ್ತ ಅಷ್ಟ ಯಾಕ ಮಾರ್ತಿದ್ದ?” ಅನುರಾಧಾ ಸೊಂಟ ಹಿಡಿದು ಏಳುತ್ತಾರೆ. “ಇದು ಮನುಷ್ಯಾನ ಆಸೆ ಅಲ್ಲ ದೀಪಾ. ಲೆಕ್ಕದ ಗುಣ.”

ಗುಬ್ಬಿಯ ನೆತ್ತಿಯಲ್ಲಿ, ಪುಟದ ವಿಳಾಸ ಬರೆಯುವ ಜಾಗದಲ್ಲಿ ಅವರೊಂದು ಪದ ಬರೆಯುತ್ತಾರೆ. ಅಡಗಿಸಿಟ್ಟ ತಪ್ಪುಗಳನ್ನು ಹೊರಗೆ ಕಕ್ಕಿಸುವ ಕಿಟಕಿಯೊಂದು ತೆರೆಯುತ್ತದೆ. ಅದು ಖಾಲಿ. ಗುಬ್ಬಿಯ ಮಟ್ಟಿಗೆ ತಪ್ಪೇ ನಡೆದಿಲ್ಲ. ಇನ್ನುಳಿದದ್ದು ಒಂದೇ ದಾರಿ: ಲಿಪಿಯನ್ನು ಮೊದಲ ಸಾಲಿನಿಂದ ಓದುವುದು. ಎರಡು ಸಾವಿರದ ನಾಲ್ಕು ನೂರು ಸಾಲುಗಳು. ರೊಟ್ಟಿ ಚೀಲದಲ್ಲೇ ಇದೆ. ಕನ್ನಡಕ ತೆಗೆದು ಕಣ್ಣುಜ್ಜಿ ಮತ್ತೆ ಹಾಕಿಕೊಳ್ಳುವುದು, ಅಷ್ಟೇ ವಿಶ್ರಾಂತಿ.

ಸಂಜೆ ಐದಕ್ಕೆ, ಸಾವಿರದ ಒಂಬೈನೂರನೆಯ ಸಾಲಿನ ಆಸುಪಾಸಿನಲ್ಲಿ, ಅವರ ಬೆರಳು ನಿಲ್ಲುತ್ತದೆ.

ಎರಡು ತಿಂಗಳ ಹಿಂದೆ ಯಾರೋ ಒಬ್ಬ ರೈತ ಚೀಟಿಯ ಮೇಲಿನ ಎಂಟರ ಮುಂದೆ ಪೆನ್ನಿನಿಂದ ಒಂದು ಗೀರು ಎಳೆದು ಹದಿನೆಂಟು ಮಾಡಿಕೊಂಡಿದ್ದ. ಬ್ಯಾಂಕಿನ ಚೆಕ್ಕಿನಲ್ಲಿ ಖಾಲಿ ಜಾಗ ಬಿಡದಂತೆ, ಒಂಟಿ ಅಂಕಿಯ ಮುಂದೆ ಸೊನ್ನೆ ಹಾಕಿ ಎಂದು ಸಂಘ ತೀರ್ಮಾನಿಸಿತು. ಎಂಟು ಎಂಬುದು 08 ಆಯಿತು. ಎಲ್ಲರಿಗೂ ಸಮಾಧಾನವಾಯಿತು. ಅದಕ್ಕಾಗಿ ಲಿಪಿಯಲ್ಲಿ ಒಂದೇ ಒಂದು ಹೊಸ ಸಾಲು ಸೇರಿತು. ಆದರೆ ಸೊನ್ನೆಯಿಂದ ಶುರುವಾಗುವ ಅಂಕಿ ಕಂಡರೆ ಗುಬ್ಬಿ ಬೇರೆಯೇ ಲೆಕ್ಕಕ್ಕೆ ಇಳಿಯುತ್ತದೆ. ಆ ಲೆಕ್ಕದಲ್ಲಿ ಏಳಕ್ಕಿಂತ ದೊಡ್ಡ ಅಂಕಿಯೇ ಇಲ್ಲ. 07 ಕೊಟ್ಟರೆ ಏಳು. 08 ಕೊಟ್ಟರೆ, ಎಂಟು ಎಂದರೇನೆಂದು ತಿಳಿಯದೆ ಕೈಚೆಲ್ಲಿ, ಸೊನ್ನೆ ಎನ್ನುತ್ತದೆ.

ಅನುರಾಧಾ ಚೀಲದಿಂದ ನೋಟ್‌ಬುಕ್ಕು ತೆಗೆಯುತ್ತಾರೆ. ಹಳೆಯ ನಾಲ್ಕೂ ನೋಟ್‌ಬುಕ್ಕುಗಳ ಸಾರವನ್ನು ಐದನೆಯದರ ಮೊದಲ ಪುಟಗಳಲ್ಲಿ ಬರೆದಿಟ್ಟಿದ್ದಾರೆ. ನಲವತ್ತಮೂರನೆಯ ತಪ್ಪು, ಎರಡು ಸಾವಿರದ ನಾಲ್ಕನೆಯ ಇಸವಿ: ‘ಮುಂದೆ ಸೊನ್ನೆ ಇದ್ದರೆ ಎಂಟು, ಒಂಬತ್ತು ಗುಬ್ಬಿಗೆ ತಿಳಿಯುವುದಿಲ್ಲ. ಮರೆಯಬಾರದು.’ ಆ ಹೊಸ ಸಾಲನ್ನು ಬರೆದವರು ಈ ಪುಟವನ್ನೊಮ್ಮೆ ತೆರೆದಿದ್ದರೆ ಸಾಕಿತ್ತು.

ಬರೆದವರು ಯಾರು? ಈ ಯಂತ್ರದ ಲಿಪಿಗೆ ಕೈ ಹಾಕಬಲ್ಲವರು ಮೂವರೇ. ಅನುರಾಧಾ ಹೇಳಿಕೊಟ್ಟು ತಯಾರಾದ ದೀಪಾ. ಮೂಡಲಗಿಯಿಂದ ಪ್ರಿಂಟರ್ ರಿಪೇರಿಗೆ ಬರುವ ಹನಮಂತ. ಮತ್ತು ಅನುರಾಧಾ. ಯಾರೇ ಬದಲಿಸಲಿ, ಸಾಲಿನ ಪಕ್ಕದಲ್ಲಿ ತಾರೀಕು, ವೇಳೆ, ಹೆಸರಿನ ಮೊದಲಕ್ಷರ ಬರೆಯಲೇಬೇಕೆಂಬುದು ಅನುರಾಧಾ ಹಾಕಿದ ನಿಯಮ. ಈ ಸಾಲಿನ ಪಕ್ಕದಲ್ಲೂ ಅವು ಇವೆ. ವೇಳೆ ರಾತ್ರಿ ಎಂಟೂವರೆ. ಮುಂಜಾನೆ ಆರರಿಂದ ದುಡಿದ ಕೈ ಬರೆದ ಸಾಲು.

ದೀಪಾ ಹೆಗಲ ಮೇಲಿಂದ ಬಾಗಿ ಓದುತ್ತಾರೆ. ಬಾಗಿಲಾಚೆ ಯಾರೂ ಇಲ್ಲವೆಂದು ನೋಡಿ ಬರುತ್ತಾರೆ. ಹೊರಗೆ ಕಾಲುವೆಯ ನೀರು ಹರಿಯುವ ಸದ್ದು ಮಾತ್ರ.

“ಗುಬ್ಬಿದ ತಪ್ಪ ಅಂದಬಿಡ್ರಿ ಅಕ್ಕಾ,” ದೀಪಾ ದನಿ ತಗ್ಗಿಸಿ ಹೇಳುತ್ತಾರೆ. “ಅದಕ್ಕೇನ್ ಮಾನಾನ ಮರ್ಯಾದಿನ? ಆ ಸಾಲ ಅಳಿಸಿಬಿಡೂಣು. ಯಾರ ಬಂದ ನೋಡ್ತಾರ?”

“ಅಧ್ಯಕ್ಷರು ಗುಬ್ಬಿ ಹೆಸರ ಒಪ್ಪೂದಿಲ್ಲ.”

“ಮನುಷ್ಯಾರ ಹೆಸರ ಹೇಳಿದ್ರ ಅವರ ಅನ್ನ ಹೋಗತೈತಲ್ರಿ.”

“ಹೇಳದಿದ್ರ ಮಾಳಪ್ಪಂದು ಹೋಗತೈತಿ.” ಅನುರಾಧಾ ಯಂತ್ರ ಆರಿಸುತ್ತಾರೆ. “ಆರರ ಬಸ್ಸ ತಪ್ಪತೈತಿ. ಶಟರ್ ಎಳಿ.”

ಭಾನುವಾರ ಅವರು ಮನೆಯಲ್ಲಿರುತ್ತಾರೆ. ಬುದ್ಧನ ಪಟದ ಕೆಳಗಿನ ಗೂಡನ್ನು ಒರೆಸುತ್ತಾರೆ. ತಾಯಿಯ ಕಾಲಿಗೆ ಎಣ್ಣೆ ತಿಕ್ಕುತ್ತಾರೆ. ಏನಾದರೂ ಬೇಕೇ ಈ ಬದುಕಿನಲ್ಲಿ ಎಂದು ಕೇಳಿದರೆ, ಉತ್ತರಕ್ಕೆ ಮೊದಲು ದೊಡ್ಡದೊಂದು ಆಕಳಿಕೆ ಬರುತ್ತದೆ. “ಗುಬ್ಬಿ ಸಾಯೂದಕ್ಕಿಂತ ಮದಲ ಹೊಸಾದ್ ಒಂದ ಬರ್ಲಿ ಅಂತ ಆಸೆ. ಎಲ್ಲಾ ಪಾಳಿ ಅದಕ್ಕ ಒಪ್ಪಿಸಿ, ಎಂಟ ದಿನ ಮಲಗಬೇಕ್ರಿ ನಾ. ಬರೀ ಮಲಗಬೇಕು.”

ಸೋಮವಾರ ಹನ್ನೊಂದು ಗಂಟೆ. ಒಂದೇ ಕೋಣೆಯ ಕಚೇರಿಯಲ್ಲಿ ಹಿಡಿಸದಷ್ಟು ಜನ. ಮಾಳಪ್ಪ ಬಾಗಿಲ ಬಳಿ ಟವೆಲ್ಲನ್ನು ಕೈಯಲ್ಲಿ ಹಿಡಿದು ನಿಂತಿದ್ದಾರೆ. ಒಳಗೆ ಬನ್ನಿ ಎಂದು ಯಾರೂ ಕರೆದಿಲ್ಲ. ಅಧ್ಯಕ್ಷ ಮುತ್ತಪ್ಪನವರ ಮುಂದೆ ಠರಾವಿನ ಪುಸ್ತಕ ತೆರೆದಿದೆ.

ಅನುರಾಧಾ ಎಲ್ಲರಿಗೂ ಕಾಣುವಂತೆ ಪರದೆಯನ್ನು ತಿರುಗಿಸುತ್ತಾರೆ. 07 ಒತ್ತುತ್ತಾರೆ, ಏಳು ಬರುತ್ತದೆ. 08 ಒತ್ತುತ್ತಾರೆ, ಸೊನ್ನೆ. 09, ಮತ್ತೆ ಸೊನ್ನೆ. ಮೂರು ಬಾರಿ ಮಾಡಿ ತೋರಿಸುತ್ತಾರೆ.

“ಅಂದ್ರ ನಮ್ಮ ಎಂಟ ಎಮ್ಮಿ ಲೆಕ್ಕಾ ಇದಕ್ಕ ಕೊಟ್ರ, ಕೊಟ್ಟಿಗಿ ಖಾಲಿ ಅಂತೈತೇನ್ರಿ?” ಉದ್ದಪ್ಪ ಹಿಂದಿನಿಂದ ಕೂಗುತ್ತಾರೆ. ನಗು ಏಳುತ್ತದೆ.

“ಅಂತೈತ್ರಿ. ಹಾಲ ಸೈತ ಕರಿಯಾಕ ಬಿಡೂದಿಲ್ಲ,” ಎನ್ನುತ್ತಾರೆ ಅನುರಾಧಾ, ನಗದೆ.

ಮುತ್ತಪ್ಪ ಮಾತ್ರ ಮೇಜು ತಟ್ಟುತ್ತಾರೆ. “ನಗಬ್ಯಾಡ್ರಿ. ಫಕೀರವ್ವನ ಅರಿಶಿಣ ಮೂರ ನೀರ ತಪ್ಪಿಸಿಕೊಂಡೈತಿ. ಗುಬ್ಬಿ ಅಂತ ಠರಾವಿನಾಗ ಬರಿಯಾಕ ಬರಾಂಗಿಲ್ಲ. ತಾನ ಸೊನ್ನಿ ಹಾಕ್ಕೊಳ್ಳಾಕ ಅದಕ್ಕೇನ್ ಕೈ ಅದಾವ? ಮಂದಿ ನಂಬಬೇಕಂದ್ರ ಒಂದ ಹೆಸರ ಬೇಕು. ಇಲ್ಲಂದ್ರ ಬರದದ್ದ ಖಾಯಂ.”

“ನನಗ ಹೆಸರ ಬ್ಯಾಡೋ ಯಪ್ಪಾ, ನೀರ ಬೇಕು,” ಎಂದು ಫಕೀರವ್ವ ಗೋಡೆಗೆ ಒರಗಿದಲ್ಲಿಂದಲೇ ಹೇಳುತ್ತಾರೆ.

“ನೀರ ನಾಳಿ ಮುಂಜಾನಿ ಎಂಟಕ್ಕ ಬರತೈತಿ ಯವ್ವಾ,” ಎನ್ನುತ್ತಾರೆ ಅನುರಾಧಾ. “ಚೀಟಿ ಹೊಸಾದ್ ತಗದೇನಿ.” ಆಮೇಲೆ ಅಧ್ಯಕ್ಷರ ಕಡೆಗೆ ಕೈ ಚಾಚುತ್ತಾರೆ. “ಪೆನ್ನ ಕೊಡ್ರಿ ಇಲ್ಲಿ.”

ದೀಪಾ ಕಿಟಕಿಯಾಚೆ ನೋಡುತ್ತಾರೆ. ಪುಟದ ಕೊನೆಯಲ್ಲಿ ‘ತಪ್ಪಿತಸ್ಥರ ಹೆಸರು’ ಎಂದಿರುವಲ್ಲಿ ಮಾಳಪ್ಪನ ಹೆಸರು ಮೊದಲೇ ಬರೆದಿದೆ. ಅನುರಾಧಾ ಅದರ ಮೇಲೆ ನೇರವಾದ ಒಂದು ಗೆರೆ ಎಳೆಯುತ್ತಾರೆ. ಕೆಳಗೆ, ಲಿಪಿಯ ಆ ಸಾಲಿನ ಪಕ್ಕದಲ್ಲಿ ತಾವೇ ಬರೆದಿದ್ದ ‘ಅ’ ಅಕ್ಷರವನ್ನು ಪೂರ್ತಿ ಮಾಡುವಂತೆ, ಇಪ್ಪತ್ತನಾಲ್ಕು ವರ್ಷಗಳಲ್ಲಿ ಮೊದಲ ಬಾರಿಗೆ ಆ ಪುಸ್ತಕದಲ್ಲಿ, ದುಂಡಗಿನ ಅಕ್ಷರಗಳಲ್ಲಿ ಬರೆಯುತ್ತಾರೆ:

ಅನುರಾಧಾ ಕಾಂಬಳೆ, ಗೋಕಾಕ.